ಕೊಪ್ಪ–ಶೃಂಗೇರಿ ಕಡೆ ಹಳೇ ಹೆಂಚಿನ ಮನೆ ತಗೊಂಡು ಬೆಂಗಳೂರು ಬಿಡೋ ಯೋಚನೆ, ತಿಳಿದವರು ಹೇಳಿ

ದಾಸರಹಳ್ಳಿ_ನಿವಾಸಿ:

ನಮಸ್ಕಾರ ಎಲ್ರಿಗೂ. ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ ಹೇಳಿ. ನನಗೆ 54, ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಅಕೌಂಟ್ಸ್ ನೋಡ್ಕೊಳ್ತೀನಿ. ಮನೆಯವಳು ಪ್ರೈವೇಟ್ ಸ್ಕೂಲಲ್ಲಿ ಟೀಚರ್ ಆಗಿದ್ದವಳು ಈಗ ಬಿಟ್ಟಿದಾಳೆ, ಮಗಳು ಮದುವೆಯಾಗಿ ಪುಣೆಯಲ್ಲಿದಾಳೆ. ನಾವಿರೋದು ದಾಸರಹಳ್ಳಿ ಹತ್ರ ಎರಡು ಬೆಡ್‌ರೂಮಿನ ಫ್ಲಾಟು, ಲೋನು ಮುಗಿದಿದೆ. ಬೋರ್‌ವೆಲ್ ಬತ್ತಿ ಬೇಸಿಗೆ ಪೂರ್ತಿ ಟ್ಯಾಂಕರ್ ನೀರು, ಮನೆಯವಳಿಗೆ ವೀಸಿಂಗ್ ಬೇರೆ, ಧೂಳು ಜಾಸ್ತಿ ಇದ್ದ ದಿನ ಇನ್‌ಹೇಲರ್ ಇಲ್ದೆ ರಾತ್ರಿ ಕಳೆಯಲ್ಲ. ಅದಕ್ಕೆ ಕೆಲಸ ಬಿಟ್ಟು ಯಾವುದಾದ್ರೂ ಗುಡ್ಡದ ಬುಡದ ಸಣ್ಣ ಊರಲ್ಲಿ ಮನೆ ತಗೊಂಡು ಇದ್ಬಿಡೋಣ ಅಂತ ಇಬ್ರೂ ಮಾತಾಡ್ಕೊಂಡಿದೀವಿ.

ಮೊದಲು ಹಿಮಾಚಲದ ಆಸೆ ಇತ್ತು, ಆದ್ರೆ ಅಲ್ಲಿ 1972ರ ಕಾಯ್ದೆಯ ಸೆಕ್ಷನ್ 118 ಅಂತ ಇದೆ, ಅಲ್ಲಿನ ರೈತರಲ್ಲದವರು ಸರ್ಕಾರದ ಪರ್ಮಿಷನ್ ಇಲ್ದೆ ಜಮೀನು ತಗೊಳ್ಳೋಕಾಗಲ್ಲ ಅಂತ ಗೊತ್ತಾಗಿ ಬಿಟ್ವಿ. ಕೊಡಗು, ಸಕಲೇಶಪುರ ನೋಡಿದ್ವಿ, ರೆಸಾರ್ಟ್ ಮಾಡೋರ ಜೊತೆ ಪೈಪೋಟಿ ಮಾಡ್ಬೇಕು, ನಮ್ಮ ಕೈಗೆಟುಕೋ ರೇಟಲ್ಲ. ಕೊನೆಗೆ ಕೊಪ್ಪ, ಶೃಂಗೇರಿ, ಕಳಸ, ತೀರ್ಥಹಳ್ಳಿ ಕಡೆ ಅಂತ ಗಟ್ಟಿ ಮಾಡಿದ್ವಿ. ನಮ್ಮ ತಾಯಿಯ ತವರು ಕೊಪ್ಪದ ಕಡೆ, ಆದ್ರೆ ಈಗ ಅಲ್ಲಿ ನಮ್ಮವರು ಅಂತ ಯಾರೂ ಉಳಿದಿಲ್ಲ.

ಜನವರಿಯಲ್ಲಿ ಒಂದು ಮನೆ ನೋಡಿ ಬಂದ್ವಿ. ಕೊಪ್ಪದಿಂದ ಶೃಂಗೇರಿಗೆ ಹೋಗೋ ದಾರಿಯಲ್ಲಿ ಸ್ವಲ್ಪ ಒಳಗೆ, ಸುತ್ತ ಗುಡ್ಡ, ನಡುವೆ ಗದ್ದೆ, ಅಡಿಕೆ ತೋಟ, ಒಂದು ಹಳ್ಳ. ಹೆಂಚಿನ ಮನೆ, ಮರದ ಕಂಬ, ದೊಡ್ಡ ಅಂಗಳ, ಕೊಟ್ಟಿಗೆ, ಬಚ್ಚಲಲ್ಲಿ ತಾಮ್ರದ ಹಂಡೆ. ಮನೆ ಹಿಂದೆ ಧರೆ (ಗುಡ್ಡ ಕಡಿದ ಮಣ್ಣಿನ ಗೋಡೆ), ಅದರ ಮೇಲೆ ಕಾಡು. ನೀರು ಮೇಲಿಂದ ಪೈಪಲ್ಲಿ ತಾನಾಗೇ ಬರುತ್ತೆ, ಮೋಟರ್ ಬೇಡ. ಯಜಮಾನ್ರು ತೀರಿಕೊಂಡಿದಾರೆ, ಮಕ್ಕಳು ಒಬ್ರು ಬೆಂಗಳೂರು ಒಬ್ರು ಅಮೆರಿಕ, ನೋಡ್ಕೊಳ್ಳೋರಿಲ್ಲ ಅಂತ ಮಾರ್ತಿದಾರೆ. ಒಟ್ಟು ಒಂದು ಎಕರೆ ಹತ್ರ ಇದೆ, ಅದರಲ್ಲಿ 14 ಗುಂಟೆ ಖಾತೆ, ಉಳಿದಿದ್ದು "ಅನುಭವದಲ್ಲಿದೆ, ಯಾರೂ ಕೇಳಲ್ಲ" ಅಂತ ಬ್ರೋಕರ್ ಹೇಳಿದ್ರು. ಕೇಳ್ತಿರೋದು 38 ಲಕ್ಷ. ಫ್ಲಾಟ್ ಮಾರಿದ್ರೆ ಇದೂ ಆಗಿ ಬ್ಯಾಂಕಲ್ಲಿಡೋಕೂ ಸ್ವಲ್ಪ ಉಳಿಯುತ್ತೆ.

ಬ್ರೋಕರ್ ಈ ತಿಂಗಳೇ ಟೋಕನ್ ಕೊಡಿ ಅಂತ ಅವಸರ ಮಾಡ್ತಿದಾರೆ, ಇನ್ನೊಂದು ಪಾರ್ಟಿ ಇದೆಯಂತೆ. ನಾವು ರೈತರಲ್ಲ, ತಗೊಳ್ಬೋದಾ? ಪೇಪರ್ ಏನೇನು ನೋಡ್ಬೇಕು, ಮಳೆಗಾಲ ನಿಜಕ್ಕೂ ಹೇಗಿರುತ್ತೆ, ಆಸ್ಪತ್ರೆಗೆ ಏನು ಮಾಡ್ತಾರೆ, ಹೊಸಬರನ್ನ ಊರವರು ಸೇರಿಸ್ಕೊಳ್ತಾರಾ? ಅಲ್ಲೇ ಇರೋರು, ಹೋಗಿ ನೆಲೆಸಿದವರು ಹೇಳಿದ್ರೆ ದೊಡ್ಡ ಉಪಕಾರ. ಬೆಂಗಳೂರಲ್ಲೇ ಇದ್ಬಿಡಿ ಅಂತ ಮಾತ್ರ ದಯವಿಟ್ಟು ಹೇಳ್ಬೇಡಿ.

ಹಳೇ_ಸರಪಳಿ:

ಸರ್, ನಾನು ಸರ್ವೆ ಇಲಾಖೆಯಲ್ಲಿದ್ದು ರಿಟೈರ್ ಆದವನು, ಹೆಚ್ಚು ವರ್ಷ ಮಲೆನಾಡು ತಾಲೂಕುಗಳಲ್ಲೇ ಕಳೆದೆ. ಮೊದಲನೇ ಮಾತು, ಟೋಕನ್ ಕೊಡ್ಬೇಡಿ. ಇನ್ನೊಂದು ಪಾರ್ಟಿ ಇದ್ರೆ ಅವರೇ ತಗೊಳ್ಳಲಿ.

ರೈತರಲ್ಲದವರು ತಗೊಳ್ಬೋದು. ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನ 2020ರಲ್ಲಿ ತೆಗೆದ ಮೇಲೆ ಆ ತೊಡಕಿಲ್ಲ. ತಗೊಳ್ಳೋಕೆ ನಿಮಗೆ ಅಡ್ಡಿ ಇಲ್ಲ, ಮಾರೋಕೆ ಅವರ ಹತ್ರ ಎಷ್ಟಿದೆ ಅಂತ ಈಗ ನೋಡೋಣ. 14 ಗುಂಟೆ ಖಾತೆ, ಬಾಕಿ 26 ಗುಂಟೆ ಅನುಭವ ಅಂದ್ರೆ ಆ 26 ಗುಂಟೆ ಸರ್ಕಾರದ್ದು ಸರ್, ಬೇರೆ ಅರ್ಥ ಇಲ್ಲ. ಸೊಪ್ಪಿನಬೆಟ್ಟ ಇರ್ಬೋದು, ಅದರಲ್ಲಿ ತೋಟದವರಿಗೆ ಸೊಪ್ಪು ದರಗು ತರೋ ಸವಲತ್ತು ಇರುತ್ತೆ, ಮಾಲೀಕತ್ವ ಇರಲ್ಲ. ಕಂದಾಯದ ಜಾಗ ಆಗಿದ್ರೆ ಯಾವಾಗ್ಲೋ ಫಾರಂ 50, 53 ಅಥವಾ 57ರಲ್ಲಿ ಬಗರ್‌ಹುಕುಂ (ಸಾಗುವಳಿ ಮಾಡ್ತಿರೋ ಸರ್ಕಾರಿ ಜಮೀನು ಸಕ್ರಮ ಮಾಡಿಕೊಡಿ ಅಂತ) ಅರ್ಜಿ ಹಾಕಿ ಕೂತಿರ್ತಾರೆ, ಅರ್ಜಿ ಹಾಕಿದ ಮಾತ್ರಕ್ಕೆ ಅದನ್ನ ಮಾರೋಕಾಗಲ್ಲ. ಫಾರೆಸ್ಟ್ ಆಗಿದ್ರಂತೂ ಕೇಸು ನಿಮ್ಮ ಮೇಲೆ ಬರುತ್ತೆ, ಮಾರಿದವರ ಮೇಲಲ್ಲ. ನಮ್ಮ ಕಡೆ ಎಷ್ಟೋ ಸರ್ವೆ ನಂಬರು 1963ರ ಅರಣ್ಯ ಕಾಯ್ದೆಯ ಸೆಕ್ಷನ್ 4ರಲ್ಲಿ ಅರಣ್ಯ ಮಾಡೋ ಉದ್ದೇಶದ ನೋಟಿಫಿಕೇಷನ್ ಆಗಿ ಸೆಕ್ಷನ್ 17ರ ಕೊನೆ ಆದೇಶ ಆಗದೇ ಹಾಗೇ ನಿಂತಿದೆ, ಡೀಮ್ಡ್ ಫಾರೆಸ್ಟ್ (ಅರಣ್ಯ ಅಂತಲೇ ಪರಿಗಣಿಸೋ ಜಾಗ) ಪಟ್ಟಿ ಅಂತ ಇನ್ನೊಂದಿದೆ. ಪಹಣಿ ನೋಡಿದ್ರೆ ಇದು ಎಷ್ಟೋ ಸಲ ಕಾಣೋದೇ ಇಲ್ಲ. ಸರ್ವೆ ನಂಬರ್ ಬರೆದು ರೇಂಜ್ ಆಫೀಸಿಗೂ ತಹಶೀಲ್ದಾರ್ ಕಚೇರಿಗೂ ಅರ್ಜಿ ಕೊಟ್ಟು ಹಿಂಬರಹ (ಲಿಖಿತ ಉತ್ತರ) ತಗೊಳ್ಳಿ. ಬಾಯಿಮಾತಿನ "ಏನಿಲ್ಲ ಸರ್" ಬೇಡ.

ಆಮೇಲೆ ಮನೆ ಆ 14 ಗುಂಟೆಯೊಳಗೇ ಇದೆಯಾ? ಹದ್ದುಬಸ್ತು (ಗಡಿ ಅಳತೆ) ಮಾಡಿಸಿ. ಮನೆ ಒಂದು ಕಡೆ, ಖಾತೆ ಜಾಗ ಇನ್ನೊಂದು ಕಡೆ ಇರೋದನ್ನ ನಾನು ಸರ್ವಿಸ್‌ನಲ್ಲಿ ಬೇಕಾದಷ್ಟು ಅಳೆದಿದೀನಿ. ಆಕಾರಬಂದ್, ಟಿಪ್ಪಣಿ, ಗ್ರಾಮ ನಕಾಶೆ ಈ ಮೂರೂ ಸರ್ವೆ ದಾಖಲೆ ತೆಗೆಸಿ ಪಹಣಿ ಜೊತೆ ಹೋಲಿಸಿ, ವಿಸ್ತೀರ್ಣ ತಾಳೆ ಆಗ್ಬೇಕು. ಒಂದೇ ಸರ್ವೆ ನಂಬರಲ್ಲಿ ನಾಲ್ಕೈದು ಜನ ಇದ್ದು ಪೋಡಿ (ಅಳತೆ ಮಾಡಿ ಬೇರೆ ಬೇರೆ ನಂಬರು ಕೊಡೋದು) ಆಗಿಲ್ದಿದ್ರೆ ಮಾರೋ ಭಾಗದ 11ಇ ನಕ್ಷೆ ಬೇಕು. ಪಹಣಿಯ 9ನೇ ಕಾಲಂನಲ್ಲಿ ಯಾರ ಹೆಸರು, 11ನೇ ಕಾಲಂನಲ್ಲಿ ಸೊಸೈಟಿ ಸಾಲ, ಕೋರ್ಟ್ ತಡೆ ಏನಾದ್ರೂ ಇದೆಯಾ ನೋಡಿ. ಮನೆ ಗ್ರಾಮಠಾಣಾದಲ್ಲಿದ್ರೆ ಅಥವಾ ಏಲಿಯನೇಷನ್ (ಕೃಷಿಯೇತರಕ್ಕೆ ಪರಿವರ್ತನೆ) ಆಗಿದ್ರೆ ಪಂಚಾಯ್ತಿಯ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11ಎ ಇರುತ್ತೆ. 11ಬಿ ಕೊಟ್ರೆ ಹುಷಾರು, ಅದು ನಿಯಮದ ಪ್ರಕಾರ ಆಗದ ಸ್ವತ್ತಿಗೆ ಕೊಡೋದು. ಏನೂ ಇಲ್ದೆ ಬರೀ ಪಹಣಿ ಜಮೀನಲ್ಲಿ ನಿಂತ ಮನೆ ಆದ್ರೆ ಹೋಮ್‌ಲೋನ್ ಸಿಗೋದು ಕಷ್ಟ, ನಾಳೆ ನೀವು ಮಾರೋವಾಗ್ಲೂ ಅದೇ ಗೋಳು.

ಮೂಲ ಯಾವುದು ಕೇಳಿ. ಪಿತ್ರಾರ್ಜಿತನಾ, ಭೂ ಟ್ರಿಬ್ಯೂನಲ್‌ನಲ್ಲಿ ಗೇಣಿದಾರರಿಗೆ ಬಂದಿದ್ದಾ, ದರಖಾಸ್ತಿನಲ್ಲಿ ಸರ್ಕಾರದಿಂದ ಮಂಜೂರಾದದ್ದಾ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನು ಸರ್ಕಾರದ ಅನುಮತಿ ಇಲ್ದೆ ಕೈ ಬದಲಾಗಿದ್ರೆ 1978ರ ಕಾಯ್ದೆಯಲ್ಲಿ ಅವರಿಗೆ ವಾಪಸ್ ಹೋಗುತ್ತೆ, 2023ರ ತಿದ್ದುಪಡಿ ಆದ ಮೇಲೆ ಇಷ್ಟು ವರ್ಷದೊಳಗೇ ಕೇಳ್ಬೇಕು ಅನ್ನೋ ಮಿತಿಯೂ ಇಲ್ಲ. ಅವರ ಜಮೀನು ಅವರಿಗೆ ಸೇರೋದೇ ನ್ಯಾಯ, ನಡುವೆ ನೀವು ದುಡ್ಡು ಕಳ್ಕೊಳ್ಬಾರ್ದು ಅಷ್ಟೇ. ಅದಕ್ಕೇ ಹಳೇ ಮ್ಯುಟೇಶನ್ ಎಲ್ಲಾ ತೆಗೆಸಿ ಓದಿ, 30 ವರ್ಷದ ಇಸಿ (ಋಣಭಾರ ಪತ್ರ) ಒಂದೇ ಸಾಲಲ್ಲ.

ಇನ್ನೊಂದು, "ಮಕ್ಕಳು ಒಬ್ರು ಬೆಂಗಳೂರು ಒಬ್ರು ಅಮೆರಿಕ" ಅಂದ್ರಲ್ಲ, ಹೆಣ್ಣುಮಕ್ಕಳೆಷ್ಟು ಅಂತ ಕೇಳಿದ್ರಾ? ವಂಶವೃಕ್ಷ ತೆಗೆಸಿ. ಮಗಳಿಗೆ ಹುಟ್ಟಿನಿಂದಲೇ ಸಮಪಾಲು ಅಂತ 2005ರ ತಿದ್ದುಪಡಿ ಹೇಳುತ್ತೆ, ತಂದೆ ಅದಕ್ಕೂ ಮುಂಚೆ ತೀರಿಕೊಂಡಿದ್ರೂ ಹಕ್ಕಿದೆ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮದುವೆಯಾಗಿ ದೂರ ಹೋದ ಅಕ್ಕತಂಗಿಯರದ್ದೆಲ್ಲ ಸಹಿ ಬೇಕೇ ಬೇಕು. ಅಮೆರಿಕದವರು ಪವರ್ ಆಫ್ ಅಟಾರ್ನಿ ಕಳಿಸೋದಾದ್ರೆ ಅದು ಇಲ್ಲಿಗೆ ಬಂದ 3 ತಿಂಗಳೊಳಗೆ ಸ್ಟಾಂಪ್ ಆಗಿರ್ಬೇಕು.

ಖರ್ಚು: ಸ್ಟಾಂಪ್ ಡ್ಯೂಟಿ 5 ಪರ್ಸೆಂಟ್, ಅದರ ಮೇಲೆ ಸೆಸ್ಸು, ಸರ್‌ಚಾರ್ಜು, ರಿಜಿಸ್ಟ್ರೇಷನ್ ಫೀ ಒಂದಿದ್ದದ್ದು 2025ರ ಆಗಸ್ಟ್ ಕೊನೆಯಿಂದ ಎರಡು ಪರ್ಸೆಂಟ್ ಆಗಿದೆ. ಒಟ್ಟು ಏಳೂವರೆ ಪರ್ಸೆಂಟ್ ಮೇಲೆ ಇಟ್ಕೊಳ್ಳಿ. ರೇಟು ಮಾತಾಡೋದು 14 ಗುಂಟೆಗೆ, ಎಕರೆಗಲ್ಲ.

ಬಚ್ಚಲ_ಒಲೆ:

ಅಣ್ಣಾ, ಮೇಲೆ ಹಿರಿಯರು ಪೇಪರ್ ವಿಷಯ ಹೇಳಿದಾರೆ, ನಾನು ಬದುಕಿನ ವಿಷಯ ಹೇಳ್ತೀನಿ. ಕೋವಿಡ್ ಆದ ಮೇಲೆ ಮೈಸೂರು ಬಿಟ್ಟು ತೀರ್ಥಹಳ್ಳಿ ತಾಲೂಕಿನ ಒಂದು ಹಳ್ಳಿಗೆ ಬಂದು ನೆಲೆಸಿದವಳು ನಾನು. ವಾಪಸ್ ಹೋಗೋ ಮನಸ್ಸಿಲ್ಲ, ಆದ್ರೆ ನಿಮ್ಮ ಮನೆಯವರ ವೀಸಿಂಗ್ ಓದಿ ಬರೀಲೇಬೇಕು ಅನಿಸ್ತು.

ಇಲ್ಲಿ ಧೂಳಿಲ್ಲ ನಿಜ. ಆದ್ರೆ ಜೂನ್ ಎರಡನೇ ವಾರದಿಂದ ಸೆಪ್ಟೆಂಬರ್‌ವರೆಗೆ ಗೋಡೆ ಬೆವರುತ್ತೆ, ಚಪ್ಪಲಿ, ಬೆಲ್ಟು, ಪುಸ್ತಕ, ರೇಷ್ಮೆ ಸೀರೆ ಎಲ್ಲದರ ಮೇಲೂ ಬೂಷ್ಟು. ಬಟ್ಟೆ ಒಣಗಿಸೋದು ಬಚ್ಚಲ ಒಲೆ ಮೇಲೆ, ಆ ಹೊಗೆ ಮನೆಯೆಲ್ಲಾ ಆಡುತ್ತೆ. ಉಬ್ಬಸ ಇದ್ದವರಲ್ಲಿ ಕೆಲವರಿಗೆ ಬೂಷ್ಟು ಆಗಿಬರಲ್ಲ, ಕೆಲವರಿಗೆ ಧೂಳು ಮಾತ್ರ ಆಗಲ್ಲ, ಯಾರಿಗೆ ಯಾವುದು ಅಂತ ಡಾಕ್ಟರ್ ಹತ್ರ ಮೊದಲೇ ಕೇಳಿ. ನಮ್ಮ ಅತ್ತೆಗೆ ಇಲ್ಲಿ ಬೇಸಿಗೆಯಲ್ಲಿ ಇನ್‌ಹೇಲರ್ ಮುಟ್ಟೋದು ಬೇಡ, ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಮೈಸೂರಿನಲ್ಲಿದ್ದದ್ದಕ್ಕಿಂತ ಕಷ್ಟ. ನೀವು ನೋಡಿ ಬಂದಿರೋದು ಜನವರಿಯ ಮಲೆನಾಡು. ಆ ಮನೆಯನ್ನ ಜುಲೈನಲ್ಲಿ ಪುನರ್ವಸು, ಪುಷ್ಯ ಮಳೆ ಹೊಡೆಯೋವಾಗ ಒಂದು ಸಲ ನೋಡಿ. ಹೆಂಚು ಎಲ್ಲಿ ಸೋರುತ್ತೆ, ಮಾಡಿನ ಮರ (ಪಕಾಸು, ರೀಪು) ಒರಲೆ ತಿಂದಿದೆಯಾ, ಮನೆಯೊಳಗೆ ಜಲ ಏಳುತ್ತಾ, ಅಂಗಳದ ನೀರು ಎಲ್ಲಿ ಹರಿದು ಹೋಗುತ್ತೆ, ಎಲ್ಲಾ ಅವತ್ತು ಒಂದೇ ದಿನದಲ್ಲಿ ಗೊತ್ತಾಗುತ್ತೆ.

ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಮಳೆ ಬೀಳುತ್ತೆ, ಶಿವಮೊಗ್ಗ ಪೇಟೆಯಲ್ಲಿ ಅದಕ್ಕಿಂತ ತುಂಬಾ ಕಡಿಮೆ, ನಡುವೆ ದೂರ ನೂರು ಕಿಲೋಮೀಟರೂ ಇಲ್ಲ. ಘಾಟಿ ಅಂಚಿನಿಂದ ಪೂರ್ವಕ್ಕೆ ಬಂದಷ್ಟೂ ಮಳೆ ಇಳಿಯುತ್ತೆ. ಶೃಂಗೇರಿ, ಕಿಗ್ಗ, ಆಗುಂಬೆ ಒಂದು ಲೆಕ್ಕ, ಕೊಪ್ಪ ಒಂದು ಲೆಕ್ಕ, ನರಸಿಂಹರಾಜಪುರದ ಕಡೆ ಇನ್ನೊಂದು ಲೆಕ್ಕ. ಅಕ್ಕನಿಗೆ ತೇವ ಆಗಿಬರಲ್ಲ ಅಂತಾದ್ರೆ ಹತ್ತಿಪ್ಪತ್ತು ಮೈಲಿ ಪೂರ್ವಕ್ಕೆ ಹುಡುಕಿ, ಗುಡ್ಡವೂ ಇರುತ್ತೆ ಉಸಿರೂ ಇರುತ್ತೆ.

ಕರೆಂಟು ಮಳೆಗಾಲದಲ್ಲಿ ಮರ ಬಿದ್ರೆ ದಿನಗಟ್ಟಲೆ ಇರಲ್ಲ. ಇನ್ವರ್ಟರ್ ಬ್ಯಾಟರಿ ದೊಡ್ಡದು ಹಾಕಿಸಿ, ನೆಬ್ಯುಲೈಸರ್ ಅದರಲ್ಲಿ ನಡೀಬೇಕು. ಸೋಲಾರ್‌ನ ನಂಬ್ಕೊಂಡು ಜುಲೈನಲ್ಲಿ ಕೂರೋಕಾಗಲ್ಲ, ಬಿಸಿಲೇ ಇರಲ್ಲ.

ಆಸ್ಪತ್ರೆ ವಿಷಯ ನೇರವಾಗಿ ಹೇಳ್ತೀನಿ. ಜ್ವರ, ಹೊಟ್ಟೆನೋವು, ಹೊಲಿಗೆ ಹಾಕೋದು ತಾಲೂಕು ಆಸ್ಪತ್ರೆಯಲ್ಲಿ ಚೆನ್ನಾಗೇ ಆಗುತ್ತೆ, ಡಾಕ್ಟರುಗಳು ಹೆಸರು ಹಿಡಿದು ಮಾತಾಡಿಸ್ತಾರೆ. ಹಾರ್ಟು, ತಲೆ ಏಟು, ಐಸಿಯು ಅಂದ್ರೆ ಶಿವಮೊಗ್ಗ ಅಥವಾ ಮಣಿಪಾಲ. ಶೃಂಗೇರಿಯಿಂದ ಮಣಿಪಾಲ ಆಗುಂಬೆ ಘಾಟಿ ಇಳಿದು ಎಂಬತ್ತು ಕಿಲೋಮೀಟರ್ ಹತ್ರ, ಮಳೆಗಾಲದಲ್ಲಿ ಘಾಟಿಯಲ್ಲಿ ಧರೆ ಬಿದ್ರೆ ಆ ದಾರಿ ಬಂದ್. ಮುಖ್ಯರಸ್ತೆಯಿಂದ ನಿಮ್ಮ ಮನೆ ಬಾಗಿಲವರೆಗೆ ಆಂಬುಲೆನ್ಸ್ ಬರುತ್ತಾ, ನಡುವೆ ಹಳ್ಳ ಇದೆ ಅಂದ್ರಿ, ಅದರ ಮೇಲೆ ಮೋರಿ ಇದೆಯಾ ಬರೀ ಕಾಲುಸಂಕನಾ? ನನ್ನನ್ನ ಕೇಳಿದ್ರೆ ಇದಕ್ಕೆ ಸರಿಯಾದ ಉತ್ತರ ಸಿಗದ ಮನೆ ಅರವತ್ತರ ಹತ್ರ ಇರೋರಿಗೆ ಬೇಡವೇ ಬೇಡ, ಎಷ್ಟೇ ಚೆಂದ ಇರಲಿ.

ಡಿಸೆಂಬರಿಂದ ಮೇವರೆಗೆ ಉಣುಗು ಕಚ್ಚಿ ಬರೋ ಮಂಗನ ಕಾಯಿಲೆ ಕಾಲ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಮೊದಲು ಕಂಡಿದ್ದು ಇವತ್ತಿಗೂ ನಮ್ಮ ತಾಲೂಕುಗಳಲ್ಲಿ ಬರ್ತಾನೇ ಇದೆ, ಹಳೇ ಲಸಿಕೆನೂ ನಿಲ್ಲಿಸಿದಾರೆ. ಹೆದರೋದು ಬೇಡ, ಕಾಡಿಗೆ ಹೋಗೋವಾಗ ಆರೋಗ್ಯ ಇಲಾಖೆಯವರು ಕೊಡೋ ಡೇಪಾ ಎಣ್ಣೆ ಹಚ್ಕೊಳ್ಳಿ, ಬಂದ ಮೇಲೆ ಬಿಸಿನೀರಲ್ಲಿ ಮೈ ಉಜ್ಜಿ ಸ್ನಾನ ಮಾಡಿ ಉಣುಗು ಇದೆಯಾ ನೋಡ್ಕೊಳ್ಳಿ, ಮಂಗ ಸತ್ತದ್ದು ಕಂಡ್ರೆ ಆಶಾ ಕಾರ್ಯಕರ್ತೆಗೆ ಹೇಳಿ.

ಇಷ್ಟೆಲ್ಲಾ ಹೇಳಿದ ಮೇಲೂ ನಾನು ಇಲ್ಲೇ ಇದೀನಿ ಅಣ್ಣಾ. ನಮ್ಮ ಯಜಮಾನ್ರು ಬೈಕಿಂದ ಬಿದ್ದು ಮಲಗಿದ್ದಾಗ ಅಕ್ಕಪಕ್ಕದವರು ಸರದಿ ಮೇಲೆ ಬಂದು ಹಾಲು, ಸೌದೆ, ಊಟ ಎಲ್ಲಾ ನೋಡ್ಕೊಂಡ್ರು, ಯಾರೂ ಕರೆದಿರ್ಲಿಲ್ಲ.

ವರ್ಕ್‌_ಫ್ರಂ_ಕೊಪ್ಪ:

ನಾನು ಸ್ವಲ್ಪ ಬೇರೆ ಥರ ಹೇಳ್ತೀನಿ ಸರ್. ಒಳಗಿನ ಮನೆ ಬಿಡಿ, ಕೊಪ್ಪ ಪೇಟೆಯಲ್ಲೋ ತೀರ್ಥಹಳ್ಳಿ ಪೇಟೆಯಲ್ಲೋ ಪಟ್ಟಣ ಪಂಚಾಯ್ತಿ ಖಾತೆ ಇರೋ ಸಣ್ಣ ಮನೆ ನೋಡಿ. ಆಸ್ಪತ್ರೆ, ಮೆಡಿಕಲ್ ಶಾಪು, ಬಸ್‌ಸ್ಟ್ಯಾಂಡು ನಡೆದು ಹೋಗೋ ದೂರ, ಕರೆಂಟು ಬೇಗ ಬರುತ್ತೆ, ಫೈಬರ್ ನೆಟ್ ಇದೆ, ಲೋನ್ ಬೇಕಂದ್ರೂ ಸಿಗುತ್ತೆ. ಮನೆಯಿಂದ ಹತ್ತು ನಿಮಿಷ ನಡೆದ್ರೆ ಕಾಡೂ ಇದೆ. ನಾನು ಬೆಂಗಳೂರಿನ ಕಂಪನಿಗೆ ಇಲ್ಲಿಂದಾನೇ ಕೆಲಸ ಮಾಡೋದು. ಮೊದಲು ಹಳ್ಳಿ ಮನೆ ಆಸೆಯಲ್ಲೇ ಹುಡುಕಿದ್ದೆ, ಎಷ್ಟೋ ಕಡೆ ಮೊಬೈಲ್ ಸಿಗ್ನಲ್‌ಗೆ ಗುಡ್ಡ ಹತ್ತಬೇಕಿತ್ತು. ಮಗಳು ಪುಣೆಯಿಂದ ವಿಡಿಯೋ ಕಾಲ್ ಮಾಡಿದ್ರೆ ಸಿಗ್ಬೇಕಲ್ವಾ, ಆ ಮನೆಯೊಳಗೆ ನಿಂತು ಫೋನ್ ಮಾಡಿ ನೋಡಿದ್ರಾ?

ಕಿಗ್ಗ_ತೋಟಗಾರ:

ವರ್ಕ್‌ ಫ್ರಂ ಕೊಪ್ಪ ಅವ್ರೇ, ನೀವು ಹೇಳಿದ್ದು ಸರಿ ಮಾರಾಯ್ರೆ, ಆದ್ರೆ ಎಲ್ರೂ ಪೇಟೆಯಲ್ಲೇ ಕೂತ್ರೆ ಹಳ್ಳಿ ಎಂತ ಆಗ್ಬೇಕು? ನಮ್ಮ ಊರಲ್ಲಿ ಬಾಗಿಲು ಹಾಕಿದ ಮನೆಗಳೇ ಜಾಸ್ತಿ ಆಗಿದೆ, ಶಾಲೆಯಲ್ಲಿ ಮಕ್ಕಳಿಲ್ಲ, ಒಬ್ರು ಹೋದ್ರೆ ಹೆಣ ಹೊರೋಕೆ ನಾಲ್ಕು ಹೆಗಲು ಹುಡುಕಬೇಕು. ಶೃಂಗೇರಿ, ಕೊಪ್ಪ ಕಡೆ ಅಡಿಕೆಗೆ ಹಳದಿ ಎಲೆ ರೋಗ ಬಂದು ಎಷ್ಟೋ ದಶಕ ಆಯ್ತು, ಈಗ ಅದರ ಮೇಲೆ ಎಲೆಚುಕ್ಕಿ ರೋಗ. ತೋಟದಿಂದ ಜೀವನ ಆಗಲ್ಲ ಅಂತ ಹುಡುಗರು ಹೋದದ್ದು, ಮನೆ ಕಡಿಮೆಗೆ ಸಿಗ್ತಿರೋದು ಅದಕ್ಕೇ. ಅಂಥಾ ಮನೆಯಲ್ಲಿ ವರ್ಷವಿಡೀ ದೀಪ ಹಚ್ಚೋರು ಬಂದ್ರೆ ನಮಗೆ ಸಂತೋಷನೇ. ವೀಕೆಂಡಿಗೆ ಬಂದು ಸೌಂಡು ಹಾಕಿ ಹೋಂಸ್ಟೇ ಮಾಡೋರು ಬೇರೆ, ನೀವು ಇರೋಕೆ ಬರ್ತಿದೀರಿ.

ಸಾರ್, ನನಗೆ ನಿಮ್ಮ ಮನೆಯ ಹಿಂದಿನ ಧರೆ ಮೇಲೆ ಕಣ್ಣು. ಎಷ್ಟು ಎತ್ತರ, ಗೋಡೆಯಿಂದ ಎಷ್ಟು ದೂರ? ನಮ್ಮ ಅಜ್ಜಂದ್ರು ಮನೆ ಕಟ್ಟೋವಾಗ ಗುಡ್ಡವನ್ನ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ, ಮೇಲಿನ ನೀರು ಸುತ್ತು ಹಾಕಿ ಹೋಗೋಕೆ ಅಗಳು ತೋಡ್ತಿದ್ರು. ಈಗ ಜೆಸಿಬಿ ತಂದು ಒಂದೇ ದಿನದಲ್ಲಿ ಗೋಡೆ ಥರ ನೆಟ್ಟಗೆ ಕಡಿತಾರೆ, ಗುಡ್ಡದ ಕಾಲೇ ಕಡಿದ ಹಾಗೆ ಅದು. 2018ರಲ್ಲಿ ಕೊಡಗು, 2019ರ ಆಗಸ್ಟಲ್ಲಿ ನಮ್ಮದೇ ಜಿಲ್ಲೆಯ ಮೂಡಿಗೆರೆ ಕಡೆ, 2024ರ ಜುಲೈನಲ್ಲಿ ಶಿರೂರು, ಅದೇ ತಿಂಗಳ ಕೊನೆಗೆ ವಯನಾಡು, ಇಷ್ಟೆಲ್ಲಾ ಗುಡ್ಡ ಕುಸಿತ ಕಣ್ಣೆದುರಿಗೇ ಆದದ್ದು. ಮಳೆ ನಾಲ್ಕೈದು ದಿನ ಬಿಡದೇ ಹೊಡೆದು ಮಣ್ಣು ನೀರು ಕುಡಿದು ಭಾರ ಆಗುತ್ತೆ, ಆಮೇಲೆ ಒಂದೇ ರಾತ್ರಿ ಜೋರು ಮಳೆ ಬಂದ್ರೆ ಸಾಕು. ಧರೆ ಮೇಲೆ ಹೋಗಿ ನೋಡಿ, ನೆಲದಲ್ಲಿ ಬಿರುಕಿದ್ಯಾ, ಮರಗಳು ಇಳಿಜಾರಿನ ಕಡೆ ವಾಲಿದ್ಯಾ, ಹೊಸದಾಗಿ ರೋಡೋ ಇಂಗುಗುಂಡಿಯೋ ಮೇಲೆ ಯಾರಾದ್ರೂ ಮಾಡಿದಾರಾ. ಮಳೆಗಾಲದಲ್ಲಿ ಧರೆಯಿಂದ ಬರೋ ಒರತೆ ನೀರು ತಿಳಿಯಾಗಿದ್ರೆ ಅಡ್ಡಿಲ್ಲ, ಇದ್ದಕ್ಕಿದ್ದ ಹಾಗೆ ಕೆಂಪಾದ್ರೆ ಆ ರಾತ್ರಿ ಅಲ್ಲಿ ಮಲಗಬಾರ್ದು. ಜಿಯಾಲಾಜಿಕಲ್ ಸರ್ವೆಯವರ ಭೂಕುಸಿತ ನಕ್ಷೆ ಆನ್‌ಲೈನಲ್ಲೇ ಸಿಗುತ್ತೆ, ಅದನ್ನೂ ನೋಡಿ, ಆದ್ರೆ ಪಕ್ಕದ ಮನೆ ಮುದುಕರನ್ನ ಕೇಳೋದು ಬಿಡ್ಬೇಡಿ.

ನೀರಿನ ವಿಷಯ. ಪೈಪಲ್ಲಿ ತಾನಾಗೇ ಬರುತ್ತೆ ಅಂದ್ರಲಾ, ಅದು ಅಬ್ಬಿ (ಗುಡ್ಡದ ಝರಿ) ನೀರು. ಹುಟ್ಟೋ ಜಾಗ ಯಾರದ್ದು? ಫಾರೆಸ್ಟ್ ಒಳಗಿದ್ರೆ ಪೈಪ್ ರಿಪೇರಿಗೆ ಹೋಗೋದಕ್ಕೂ ಕಿರಿಕಿರಿ ಆಗ್ಬೋದು, ಬೇರೆಯವರ ತೋಟದಲ್ಲಿದ್ರೆ ಮಾತುಕತೆ ಬೇಕು. ಒಂದೇ ಅಬ್ಬಿಯಿಂದ ಎಷ್ಟು ಮನೆಗೆ ಹೋಗ್ತಿದೆ, ಮಾರ್ಚ್ ಕೊನೆಗೆ ಎಷ್ಟು ಬೀಳುತ್ತೆ ನೋಡಿ. ಜನವರಿಯಲ್ಲಿ ಎಲ್ಲಾ ಅಬ್ಬಿಯೂ ಚೆಂದ. ನಮ್ಮ ಕಡೆ ಅಣ್ಣತಮ್ಮಂದ್ರ ಮಾತು ನಿಲ್ಲೋದು ನೀರಿಗೆ, ಇಲ್ಲಾಂದ್ರೆ ದಾರಿಗೆ. ದಾರಿ ಅಂದೆ ನೋಡಿ, ಮನೆಗೆ ಹೋಗೋ ರಸ್ತೆ ಪಕ್ಕದವರ ತೋಟದ ಮೇಲೆ ಹೋಗುತ್ತಾ? ನಕಾಶೆಯಲ್ಲಿ ಕಾಣಿಸಿದ ದಾರಿ ಆದ್ರೆ ಯಾರಿಗೂ ಹೆದರ್ಬೇಕಿಲ್ಲ. ಹಿಂದಿನ ಯಜಮಾನ್ರ ಮುಖ ನೋಡಿ ಬಿಟ್ಟ ದಾರಿ ಆದ್ರೆ ನಿಮಗೂ ಬಿಡ್ತಾರೆ ಅಂತ ಹೇಳೋಕಾಗಲ್ಲ, ಕ್ರಯಪತ್ರದ ಜೊತೆ ಅವರ ಕೈಯಿಂದಲೂ ಬರೆಸಿ ರಿಜಿಸ್ಟರ್ ಮಾಡಿಸ್ಕೊಳ್ಳಿ.

ಊರವರು ಸೇರಿಸ್ಕೊಳ್ತಾರಾ ಅಂತ ಕೇಳಿದ್ರಿ. ಬಂದ ಹೊಸದರಲ್ಲಿ ಬೇಲಿ ಹಾಕ್ಬೇಡಿ. ಮದುವೆಮನೆ, ಸಾವಿನಮನೆ ಎರಡಕ್ಕೂ ಹೋಗಿ, ಕರೆಯೋಕೆ ಕಾಯ್ಬೇಡಿ. ಸೊಸೈಟಿಯಲ್ಲಿ ಷೇರು ತಗೊಂಡು ಮೆಂಬರ್ ಆಗಿ, ರೇಷನ್ನು, ಗೊಬ್ಬರ, ಊರ ಸುದ್ದಿ ಎಲ್ಲಾ ಅಲ್ಲೇ ಸಿಗೋದು. ನಿಮ್ಮ ಅಕೌಂಟ್ಸ್ ವಿದ್ಯೆ ಇಲ್ಲಿ ಚಿನ್ನ ಸಾರ್, ದೇವಸ್ಥಾನ ಕಮಿಟಿ, ಸ್ವಸಹಾಯ ಸಂ‍ಘ ಎಲ್ಲದಕ್ಕೂ ಲೆಕ್ಕ ಬರೆಯೋರು ಬೇಕು. ಅಕ್ಕ ಟೀಚರ್ ಅಂದ್ರಿ, ನಮ್ಮ ಶಾಲೆ ಮಕ್ಕಳಿಗೆ ಸಂಜೆ ಒಂದು ಗಂಟೆ ಪಾಠ ಹೇಳಿಕೊಟ್ರೆ ಆ ಮನೆಗೆ ತರಕಾರಿ ಕೊಂಡು ತರೋ ಕೆಲಸ ಇರಲ್ಲ. ತರಕಾರಿ ಬೆಳೀತೀನಿ ಅಂತ ಮಾತ್ರ ದೊಡ್ಡ ಪ್ಲಾನು ಬೇಡ, ಮಂಗ ಬಿಡಲ್ಲ.

ದಾಸರಹಳ್ಳಿ_ನಿವಾಸಿ:

ಒಬ್ಬೊಬ್ರೂ ಇಷ್ಟು ಬರೆದಿದೀರಿ, ಮನೆಯವಳಿಗೆ ಪೂರ್ತಿ ಓದಿ ಹೇಳಿದೆ. ಟೋಕನ್ ಕೊಟ್ಟಿಲ್ಲ. ಸರ್ವೆ ಸರ್, ಒಂದು ಕೇಳೋದಿದೆ. ಪಶ್ಚಿಮ ಘಟ್ಟ ಉಳಿಸೋಕೆ ಅಂತ ಇರೋ ಕಸ್ತೂರಿರಂಗನ್ ವರದಿ ಜಾರಿಗೆ ಬಂದ್ರೆ ಅಲ್ಲಿ ಮನೆ ರಿಪೇರಿನೂ ಮಾಡೋ ಹಾಗಿಲ್ಲ, ಅದಕ್ಕೇ ಜನ ಮಾರಿ ಹೋಗ್ತಿದಾರೆ ಅಂತ ಆಫೀಸಲ್ಲಿ ಒಬ್ರು ಹೆದರಿಸಿದ್ರು, ಹೌದಾ?

ಹಳೇ_ಸರಪಳಿ:

ಹಾಗೇನಿಲ್ಲ ಸರ್. ಅದರ ಮೇಲೆ ಕೇಂದ್ರ ಹೊರಡಿಸಿದ 2024ರ ಜುಲೈ 31ರ ಕರಡು ಅಧಿಸೂಚನೆಯಲ್ಲಿ ಕರ್ನಾಟಕದ 20,668 ಚದರ ಕಿಲೋಮೀಟರ್ ಪರಿಸರ ಸೂಕ್ಷ್ಮ ಪ್ರದೇಶ ಅಂತ ಇದೆ, ನೀವು ಹೇಳೋ ತಾಲೂಕುಗಳ ಬಹಳ ಹಳ್ಳಿ ಅದರಲ್ಲಿ ಬರುತ್ತೆ. ಅದರಲ್ಲಿ ಬೇಡ ಅಂದಿರೋದು ಗಣಿ, ಕ್ವಾರಿ, ಮರಳು ತೆಗೆಯೋದು, ಥರ್ಮಲ್ ಪ್ಲಾಂಟು, ರೆಡ್ ಕೆಟಗರಿ ಕಾರ್ಖಾನೆ, 20,000 ಚದರ ಮೀಟರ್ ಮೇಲ್ಪಟ್ಟ ಕಟ್ಟಡ ಇಂಥವು. ಇರೋ ಮನೆ ರಿಪೇರಿಗೆ, ಕೈ ಬದಲಾಗೋಕೆ ಅಡ್ಡಿ ಇಲ್ಲ ಅಂತ ಕರಡಿನಲ್ಲೇ ಬರೆದಿದೆ. ಕರ್ನಾಟಕ ಸರ್ಕಾರ ವರದಿ ಬೇಡ ಅಂತ ಮೊದಲಿಂದ ಹೇಳ್ತಿದೆ, ಅದು ರಾಜಕೀಯ, ಇಲ್ಲಿ ಬೇಡ. ನಿಮ್ಮ ಮನೆಗೆ ಹತ್ತಿರದ ತೊಂದರೆ ಇರೋದು ಆ 26 ಗುಂಟೆಯಲ್ಲಿ, ಮೊದಲು ಅದನ್ನ ಬಗೆಹರಿಸಿ. ರಾಷ್ಟ್ರೀಯ ಉದ್ಯಾನದ ಗಡಿಗೆ ಹತ್ತಿರ ಇರೋ ಹಳ್ಳಿ ಆದ್ರೆ ಅದರ ನಿಯಮ ಬೇರೆ, ರೇಂಜ್ ಆಫೀಸಿನ ಅರ್ಜಿಯಲ್ಲೇ ಅದನ್ನೂ ಸೇರಿಸಿ ಕೇಳಿ.

ದಾಸರಹಳ್ಳಿ_ನಿವಾಸಿ (ಸುಮಾರು ಎರಡು ತಿಂಗಳ ನಂತರ):

ಏನಾಯ್ತು ಅಂತ ಅಪ್‌ಡೇಟ್ ಕೊಡ್ತಿದೀನಿ. ಹಿಂಬರಹ ಬಂತು, ಮನೆ ಹಿಂದಿನ ಧರೆಯಿಂದ ಮೇಲೆ ಪೂರ್ತಿ ಸೆಕ್ಷನ್ 4. ಹದ್ದುಬಸ್ತಿನಲ್ಲಿ ಮನೆ, ಅಂಗಳ ಖಾತೆಯೊಳಗೇ ಇದೆ, ಕೊಟ್ಟಿಗೆ ಮತ್ತೆ ಅಬ್ಬಿಯಿಂದ ಬರೋ ನೀರಿನ ತೊಟ್ಟಿ ಹೊರಗಿದೆ. ಅಕ್ಕತಂಗಿಯರು ಇಬ್ರಿದಾರೆ, ಅವರಿಗೆ ಮಾರೋ ವಿಷಯ ಯಾರೂ ಹೇಳೇ ಇರ್ಲಿಲ್ಲವಂತೆ, ದೊಡ್ಡವರು ಸಾಗರದಲ್ಲಿದಾರೆ, ಫೋನಲ್ಲಿ ಮಾತಾಡಿ ಬಹಳ ಬೇಜಾರು ಮಾಡ್ಕೊಂಡ್ರು. ತೌರುಮನೆ ಅದು, ಅವರು ಒಪ್ಪಿ ಸಂತೋಷವಾಗಿ ಸಹಿ ಹಾಕಿದ್ರೆ ಮಾತ್ರ ಮುಂದೆ ಹೋಗೋದು ಅಂತ ಮಾರೋರಿಗೆ ಹೇಳಿದೀವಿ. 14 ಗುಂಟೆಗೆ ನಾವು ಹೇಳಿದ ರೇಟು ಅವರಿಗೆ ಇನ್ನೂ ಹಿಡಿಸಿಲ್ಲ. ಬ್ರೋಕರ್ ಫೋನ್ ಎತ್ತೋದು ಬಿಟ್ಟಿದಾರೆ.

ಡಾಕ್ಟರ್ ಹತ್ರ ಟೆಸ್ಟ್ ಮಾಡಿಸಿದ್ವಿ, ಮನೆಯವಳಿಗೆ ಧೂಳಿನ ಜೊತೆ ಬೂಷ್ಟೂ ಆಗಲ್ಲ ಅಂತ ಬಂದಿದೆ. ಹಾಗಾಗಿ ಈ ಮನೆಯನ್ನ ಬದಿಗಿಟ್ಟು ಬಚ್ಚಲ ಒಲೆ ಮೇಡಂ ಹೇಳಿದ ಹಾಗೆ ನರಸಿಂಹರಾಜಪುರದ ಕಡೆ ಹುಡುಕ್ತಿದೀವಿ. ಕೊಪ್ಪ ಪೇಟೆಯಲ್ಲಿ ಒಂದು ಮಾಳಿಗೆ ಮನೆ ಬಾಡಿಗೆಗೆ ಸಿಕ್ಕಿದೆ, ಜೂನ್‌ನಿಂದ ಅವಳು ಅಲ್ಲಿರ್ತಾಳೆ, ನಾನು ರಜೆ ಹಾಕ್ಕೊಂಡು ಹೋಗಿ ಬರ್ತಾ ಇರ್ತೀನಿ. ಮಳೆಗಾಲ ಪೂರ್ತಿ ಅಲ್ಲೇ ಇದ್ದು ನೋಡ್ತೀವಿ. ಒಂಟಿ ಇರ್ತಾಳೆ ಅಂತ ನನಗೆ ಚಿಂತೆ, ಅವಳಿಗಿಲ್ಲ.

ಬಚ್ಚಲ_ಒಲೆ:

ಒಳ್ಳೇ ಕೆಲಸ ಮಾಡಿದ್ರಿ ಅಣ್ಣಾ. ಕೊಪ್ಪಕ್ಕೆ ನಾನು ಸಂತೆ ದಿನ ಬರ್ತಿರ್ತೀನಿ, ಅಕ್ಕನಿಗೆ ಇಲ್ಲಿ ಮೆಸೇಜ್ ಮಾಡೋಕೆ ಹೇಳಿ. ಬರೋವಾಗ ಹತ್ತಿ ಹಾಸಿಗೆ ತರ್ಬೇಡಿ ಒಣಗಲ್ಲ, ಇನ್‌ಹೇಲರ್ ಎರಡು ತಿಂಗಳದ್ದು ಒಟ್ಟಿಗೇ ತನ್ನಿ. ಬಾಡಿಗೆ ಮನೆಯಲ್ಲಿ ಬಚ್ಚಲ ಒಲೆ ಇದ್ರೆ ಹೊಗೆ ಹೊರಗೆ ಹೋಗುತ್ತಾ ನೋಡಿ, ಇಲ್ಲಾಂದ್ರೆ ಗೀಸರ್ ಹಾಕಿಸೋಕೆ ಓನರ್‌ಗೆ ಈಗಲೇ ಹೇಳಿ, ಮೇ ತಿಂಗಳು ದಾಟಿದ್ರೆ ಎಲೆಕ್ಟ್ರಿಷಿಯನ್ ಸಿಗಲ್ಲ.

ಕಿಗ್ಗ_ತೋಟಗಾರ:

ಸಾಗರದ ಆ ಅಕ್ಕನ ಹತ್ರ ನೀವೇ ಫೋನಲ್ಲಿ ಮಾತಾಡಿದ್ದು ನಂಗೆ ಬಹಳ ಸಮಾಧಾನ ಆಯ್ತು ಸಾರ್. ನರಸಿಂಹರಾಜಪುರದ ಕಡೆ ನೋಡೋದಾದ್ರೆ ಭದ್ರಾ ಹಿನ್ನೀರಿನ ಪಕ್ಕದ ಜಾಗಕ್ಕೆ ಮುಳುಗಡೆ ಗಡಿ ಎಲ್ಲಿಗೆ ಅಂತ ಕೇಳಿ, ಆನೆ ಓಡಾಟ ಇದ್ಯಾ ಅಂತಲೂ ಕೇಳಿ, ಅಲ್ಲಿ ಕೆಲವು ಹಳ್ಳಿಗೆ ಬರ್ತವೆ. ನಂಗೆ ಆ ಕಡೆ ನೆಂಟರಿದಾರೆ, ಮನೆ ನೋಡೋಕೆ ಹೋಗೋ ದಿನ ಇಲ್ಲಿ ಬರೀರಿ, ಜೊತೆಗೆ ಬರ್ತೇನೆ.